ಒಂದು ಎಂಜಿನಿಗೆ ಎರಡು ತಿದಿ

ಕಮ್ಮಾರನ ಕುಲುಮೆ ನೋಡಿದವರಿಗೆ ಟರ್ಬೊ ಅಂದರೆ ಏನೆಂದು ಹೇಳಿಕೊಡುವುದು ಸುಲಭ. ಒಲೆಯಲ್ಲಿ ಇದ್ದಿಲು ಇದ್ದಷ್ಟೇ ಇರುತ್ತದೆ. ತಿದಿ ಒತ್ತಿದ ಕೂಡಲೇ ಅದೇ ಇದ್ದಿಲು ಕೆಂಪು ಬಿಟ್ಟು ಹಳದಿಗೆ ಬರುತ್ತದೆ, ಕಬ್ಬಿಣ ಮೆತ್ತಗಾಗುತ್ತದೆ. ಬೆಂಕಿಗೆ ಗಾಳಿ ಬೇಕು. ಡೀಸೆಲ್ ಎಂಜಿನಿನ ಕತೆಯೂ ಇಷ್ಟೇ. ಸಿಲಿಂಡರಿಗೆ ಹೆಚ್ಚು ಗಾಳಿ ಹೋದರೆ ಹೆಚ್ಚು ಡೀಸೆಲ್ ಉರಿಸಬಹುದು, ಹೆಚ್ಚು ಡೀಸೆಲ್ ಉರಿದರೆ ಹೆಚ್ಚು ಎಳೆತ. ವ್ಯತ್ಯಾಸ ಒಂದೇ. ಕುಲುಮೆಯಲ್ಲಿ ತಿದಿ ಒತ್ತಲಿಕ್ಕೆ ಒಬ್ಬ ಆಳು ಬೇಕು, ಟರ್ಬೊದಲ್ಲಿ ಎಂಜಿನು ಬಿಟ್ಟ ಹೊಗೆಯೇ ತಿದಿ ಒತ್ತುತ್ತದೆ.

ನಾನು ಜೀಪು ರಿಪೇರಿಯಲ್ಲೇ ಕೂದಲು ನರೆಸಿಕೊಂಡವ. ವಾಚನಾಲಯದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂತ ಮಾಸ್ತರರು ಕೇಳಿದಾಗ, ನನಗೆ ಬರುವುದು ಗ್ರೀಸಿನ ವಿದ್ಯೆ ಮಾತ್ರ ಅಂದೆ. "ಅದನ್ನೇ ಬರೆಯಿರಿ, ಕನ್ನಡದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ" ಅಂದರು. ಹಾಗಾಗಿ ನಮ್ಮ ಕಡೆಯ ಒಬ್ಬ ಹುಡುಗ ತನ್ನ ಜೀಪಿನ ಸಣ್ಣ ಡೀಸೆಲ್ ಎಂಜಿನಿಗೆ ಎರಡು ಟರ್ಬೊ ಹಾಕಬೇಕೆಂದು ಹೊರಟ ಸಂಗತಿ ಬರೆಯುತ್ತಿದ್ದೇನೆ. ಮಧ್ಯೆ ಸ್ವಲ್ಪ ಲೆಕ್ಕ ಬರುತ್ತದೆ. ಎಂಟನೇ ಕ್ಲಾಸಿನ ಮಕ್ಕಳು ಮಾಡುವಷ್ಟೇ, ಹೆದರಬೇಡಿ.

ಮೊದಲು ಜೀಪಿನ ಜಾತಕ ಹೇಳಬೇಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಗುಡ್ಡಗಳಲ್ಲಿ ಬಸ್ಸು ನಿಂತ ಜಾಗದಿಂದ ಮುಂದಕ್ಕೆ ಜೀಪೇ ಗತಿಯಾಗಿದ್ದ ಕಾಲ ಒಂದಿತ್ತು. ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು, ಎಲ್ಲ ಅದರಲ್ಲೇ. ಹಳೆಯ ಜೀಪುಗಳಿಗೆ ಇದ್ದದ್ದು ಹರಿಕೇನ್ ಅನ್ನುವ 2199 ಸಿಸಿಯ ಪೆಟ್ರೋಲ್ ಎಂಜಿನು. ಅದರ ಒಳವಾಲ್ವು ಹೆಡ್ಡಿನ ಮೇಲೆ ಕೂತದ್ದರಿಂದ ಎಂಜಿನು ಎತ್ತರ, ಅದಕ್ಕೆ ಸರಿಯಾಗಿ ಬಾನೆಟ್ಟೂ ಎತ್ತರ. ಈಗಲೂ ಆ ಎತ್ತರದ ಬಾನೆಟ್ ಕಂಡರೆ ಹಳಬರು "ಇದು ಪೆಟ್ರೋಲ್ ಜೀಪು" ಅಂತ ಗುರುತು ಹಿಡಿಯುತ್ತಾರೆ. ಓಡುವಾಗ ಅದು ಚಂದ, ಆದರೆ ಕುಡಿಯುವುದು ಎತ್ತು ನೀರು ಕುಡಿದ ಹಾಗೆ. ಪೆಟ್ರೋಲಿನ ಬೆಲೆ ಏರಿದ ಮೇಲೆ ಒಬ್ಬೊಬ್ಬರೇ ಅದನ್ನು ಇಳಿಸಿ ಡೀಸೆಲ್ ಎಂಜಿನು ಕೂರಿಸಿದರು. ಹೆಚ್ಚಿನವರು ಹಾಕಿದ್ದು ಪ್ಯೂಜೊ ವಿನ್ಯಾಸದ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರು, ಬೋರು 90 ಮಿಲಿಮೀಟರ್, ಸ್ಟ್ರೋಕು 83. ಗುಣಿಸಿ ನೋಡಿದರೆ 2112 ಸಿಸಿ ಬರುತ್ತದೆ. ಶಕ್ತಿ 62 ಕುದುರೆ.

ಎಂಜಿನು ಬದಲಿಸುವುದು ಅಂದರೆ ಇಳಿಸಿ ಕೂರಿಸುವುದಷ್ಟೇ ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಎಂಜಿನಿನ ಹಿಂಬದಿಗೂ ಗೇರ್ ಬಾಕ್ಸಿನ ಬಾಯಿಗೂ ಬೋಲ್ಟಿನ ತೂತು ಹೊಂದುವುದಿಲ್ಲ, ಮಧ್ಯೆ ದಪ್ಪದ ಪ್ಲೇಟು ಕೊರೆಯಬೇಕು. ಆ ಪ್ಲೇಟಿನ ನಡುಗೆರೆ ಕೂದಲೆಳೆಯಷ್ಟು ತಪ್ಪಿದರೆ ಕ್ಲಚ್ಚಿನ ಬೇರಿಂಗು ವರ್ಷಕ್ಕೊಂದು ಹೋಗುತ್ತದೆ. ಡೀಸೆಲಿನ ನಡುಕ ಹೆಚ್ಚು, ಆದ್ದರಿಂದ ರಬ್ಬರಿನ ಕೂರು ಬೇರೆ ಬೇಕು. ರೇಡಿಯೇಟರ್ ದೊಡ್ಡದು ಬೇಕು, ಸ್ಟಾರ್ಟ್ ಮಾಡಲಿಕ್ಕೆ ಬ್ಯಾಟರಿ ದೊಡ್ಡದು ಬೇಕು. ಡೀಸೆಲ್ ಎಂಜಿನು ಗಾಳಿಯನ್ನು ಇಪ್ಪತ್ತು ಪಾಲಿಗಿಂತ ಹೆಚ್ಚು ಒತ್ತಿ ಹಿಂಡಿ, ಆ ಬಿಸಿಯಲ್ಲೇ ಡೀಸೆಲನ್ನು ಹೊತ್ತಿಸುವುದಲ್ವಾ, ಅದನ್ನು ತಿರುಗಿಸುವುದು ಹಗುರದ ಕೆಲಸವಲ್ಲ.

ನಾನು ಹೇಳಹೊರಟ ಜೀಪು ಅಂಥದ್ದೇ ಒಂದು. ಹುಡುಗನ ಅಪ್ಪ ಟ್ರಿಪ್ ಜೀಪು ಓಡಿಸಿ ಮಕ್ಕಳನ್ನು ಓದಿಸಿದವರು. ಪೆಟ್ರೋಲ್ ಎಂಜಿನು ಇಳಿಸಿ ಈ 2112 ಕೂರಿಸಿದ್ದು ಅವರೇ. ಆಗಲೇ ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ಪುಸ್ತಕದಲ್ಲಿ ಡೀಸೆಲ್ ಅಂತ ಬರೆಸಿ, ಹೊಸ ಎಂಜಿನ್ ನಂಬರು ಹಾಕಿಸಿಕೊಂಡಿದ್ದರು. ಅವರ ಮನೆ ಗುಡ್ಡದ ನೆತ್ತಿಯಲ್ಲಿ. ಕೆಳಗಿನ ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್, ಎಲ್ಲ ಅವರದೇ ರಬ್ಬರು, ಅಡಿಕೆ ತೋಟದ ಮಧ್ಯೆ. ಎರಡು ಕಡೆ ಕಡಿದಾದ ಏರು, ಅಲ್ಲಿಗೆ ಮಾತ್ರ ಚಕ್ರದ ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟು ಹಾಕಿದ್ದಾರೆ, ಉಳಿದದ್ದು ಮುರಕಲ್ಲು.

ಅಪ್ಪನಿಗೆ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸಿಗೆ ಹೋಗಬೇಕು. ಬೆಳಗಾಗುವ ಮೊದಲೇ ಇಳಿಯಬೇಕು, ಸಂಜೆ ಹತ್ತಬೇಕು. ಆಂಬುಲೆನ್ಸಿನವರು ಗುಡ್ಡದ ಬುಡದವರೆಗೆ ಬರುತ್ತಾರೆ, ಮೇಲೆ ಬರುವುದಿಲ್ಲ. ಅವರನ್ನು ದೂರಿ ಪ್ರಯೋಜನ ಇಲ್ಲ, ಆ ದಾರಿ ಹಾಗಿದೆ. ಮಗ ಶಾರ್ಜಾದಲ್ಲಿ ಗ್ಯಾರೇಜಿನ ಕೆಲಸದಲ್ಲಿದ್ದವ, ಬಿಟ್ಟು ಬಂದ. ಬಂದವನ ಕಣ್ಣಿಗೆ ಕಂಡದ್ದು, ಡಯಾಲಿಸಿಸ್ ಮುಗಿಸಿ ಸುಸ್ತಾದ ಅಪ್ಪ ಜೀಪಿನಲ್ಲಿ ಕೂತಿದ್ದಾರೆ, ಎರಡನೇ ಏರಿನಲ್ಲಿ ಜೀಪು ಉಸಿರು ಕಟ್ಟಿ ನಿಲ್ಲುತ್ತದೆ, ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರಿಗೆ ನೀರು ಹೊಯ್ದು, ಕಾಲು ಗಂಟೆ ಕಾಯಬೇಕು.

ಗಲ್ಫಿನಲ್ಲಿ ಮರಳುದಿಣ್ಣೆ ಹತ್ತುವ ಗಾಡಿಗಳಿಗೆ ಎರಡೆರಡು ಟರ್ಬೊ ಹಾಕುವುದನ್ನು ಅವ ಕಣ್ಣಾರೆ ಕಂಡಿದ್ದ. ಗುಜರಿಯಿಂದ ಎರಡು ಸಣ್ಣ ಟರ್ಬೊ ತಂದು ನನ್ನ ಬೆಂಚಿನ ಮೇಲೆ ಇಟ್ಟ. "ಮಾಮ, ಇದೆರಡನ್ನೂ ಹಾಕ್ಲಿಕ್ಕುಂಟು" ಅಂದ. ಹಾಕ್ಲಿಕ್ಕೆ ಆಗ್ತದಾ ಅಂತ ಕೇಳಲಿಲ್ಲ, ಹಾಕ್ಲಿಕ್ಕುಂಟು ಅಂದ.

ಟರ್ಬೊ ಹೊಸ ಸಂಗತಿಯೇನಲ್ಲ. ಆಲ್ಫ್ರೆಡ್ ಬ್ಯೂಖಿ ಎಂಬ ಸ್ವಿಟ್ಜರ್ಲೆಂಡಿನ ಎಂಜಿನಿಯರು 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಎಂಜಿನು ಹೊರಗೆ ಬಿಡುವ ಹೊಗೆಯಲ್ಲಿ ಎಷ್ಟೊಂದು ಬಿಸಿ ವ್ಯರ್ಥವಾಗಿ ಹೋಗುತ್ತದಲ್ಲ ಎಂಬುದೇ ಅವನ ತಲೆ ತಿಂದ ವಿಷಯ. ಲೆಕ್ಕ ಹಾಕಿದರೆ, ನಾವು ಹೊಯ್ದ ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರಕ್ಕೆ ಹೋಗುವುದು. ಇನ್ನೊಂದು ಪಾಲು ರೇಡಿಯೇಟರಿನ ನೀರು ಬಿಸಿ ಮಾಡಲಿಕ್ಕೆ, ಮತ್ತೊಂದು ಹೊಗೆಕೊಳವೆಯಲ್ಲಿ ಆಕಾಶಕ್ಕೆ. ಬ್ಯೂಖಿ ಆ ಹೊಗೆಯ ದಾರಿಯಲ್ಲಿ ಒಂದು ಗಾಳಿಚಕ್ರ ಇಟ್ಟ. ಅದೇ ಸರಳಿನ ಇನ್ನೊಂದು ತುದಿಯಲ್ಲಿ ಮತ್ತೊಂದು ಚಕ್ರ, ಅದು ಹೊರಗಿನ ಗಾಳಿಯನ್ನು ಎಳೆದು ಎಂಜಿನಿಗೆ ತುರುಕುತ್ತದೆ. 1920ರ ದಶಕದಲ್ಲಿ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳ ಎಂಜಿನುಗಳಿಗೆ ಅದನ್ನು ಹಾಕಿದಾಗ 1750 ಕುದುರೆಯ ಎಂಜಿನು 2500 ಕುದುರೆ ಕೊಟ್ಟಿತು. ಹಡಗಿನಿಂದ ಅದು ಲಾರಿಗೆ ಬಂತು. 1978ರಲ್ಲಿ ಮರ್ಸಿಡಿಸಿನ ಒಂದು ಡೀಸೆಲ್ ಕಾರಿಗೆ ಬಂತು. ಈಗ ಡೀಸೆಲ್ ಕಾರು ಅಂದರೆ ಟರ್ಬೊ ಇದ್ದೇ ಇರುತ್ತದೆ.

ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು, ಆದರೆ ಅದರ ಸರಳು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗುತ್ತದೆ. ನಮ್ಮ ಮನೆಯ ಫ್ಯಾನು ಮುನ್ನೂರು, ನಾನ್ನೂರು ಸುತ್ತು ತಿರುಗುವುದು. ಸರಳು ನಿಂತಿರುವುದು ಎಣ್ಣೆಯ ತೆಳು ಪದರದ ಮೇಲೆ. ಎಣ್ಣೆ ಒಂದು ಗಳಿಗೆ ತಪ್ಪಿದರೆ ಅದರ ಕತೆ ಮುಗಿಯಿತು.

"ಒಂದು ಸಾಕಲ್ವಾ, ಎರಡು ಎಂತಕ್ಕೆ?" ಅಂತ ಕೇಳಿದೆ.

ಅವ ಓದಿಕೊಂಡೇ ಬಂದಿದ್ದ. "ಮರ್ಸಿಡಿಸಿನವರು 2008ರಲ್ಲಿ ಒಂದು ಎಂಜಿನು ತಂದಿದ್ದಾರೆ, ಓಎಂ 651. ಅದೂ ನಾಲ್ಕು ಸಿಲಿಂಡರೇ, 2143 ಸಿಸಿ. ನಮ್ಮದಕ್ಕಿಂತ 31 ಸಿಸಿ ಹೆಚ್ಚು ಅಷ್ಟೆ. ಎರಡು ಟರ್ಬೊ ಹಾಕಿ 204 ಕುದುರೆ ತೆಗೆದಿದ್ದಾರೆ. ನಮಗೆ ಅದರ ಅರ್ಧ ಬಂದ್ರೆ ಸಾಕು" ಅಂದ.

ಅವನ ಮಾತು ಸುಳ್ಳಲ್ಲ. ಅಳತೆ ಒಂದೇ, ಆದರೆ ಎರಡು ಎಂಜಿನುಗಳ ಹೊಟ್ಟೆಯೊಳಗಿರುವುದು ಬೇರೆ. ಆ ಹೊಸ ಎಂಜಿನಿನಲ್ಲಿ ಡೀಸೆಲನ್ನು 2000 ಬಾರ್ ಒತ್ತಡದಲ್ಲಿ ಮಂಜಿನ ಹಾಗೆ ಸಿಡಿಸುತ್ತಾರೆ, ನಮ್ಮದರಲ್ಲಿ ನೂರು ಚಿಲ್ಲರೆ ಬಾರ್. ಅದರಲ್ಲಿ ಗಾಳಿಯನ್ನು ಹಿಂಡುವುದು ಹದಿನಾರು ಪಾಲು, ಟರ್ಬೊ ತುರುಕುವ ಗಾಳಿಗೆ ಜಾಗ ಇರಲಿ ಅಂತ ಮೊದಲೇ ಕಡಿಮೆ ಇಟ್ಟಿದ್ದಾರೆ. ನಮ್ಮದರಲ್ಲಿ ಇಪ್ಪತ್ತೆರಡರ ಆಸುಪಾಸು. ಈಗಾಗಲೇ ಬಿಗಿಯಾಗಿ ತುಂಬಿದ ಗೋಣಿಗೆ ಇನ್ನಷ್ಟು ಅಡಿಕೆ ತುರುಕಿದರೆ ಹೊಲಿಗೆ ಬಿಡುತ್ತದೆ. ಎಂಜಿನಿನಲ್ಲಿ ಹೊಲಿಗೆ ಅಂದರೆ ಹೆಡ್ ಗ್ಯಾಸ್ಕೆಟ್. ಅದಾದ ಮೇಲೆ ಪಿಸ್ಟನ್. ಪಿಸ್ಟನ್ ಅಲ್ಯೂಮಿನಿಯಮ್ಮಿನದ್ದು, ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ.

ಎರಡು ಟರ್ಬೊ ಜೋಡಿಸುವುದರಲ್ಲೂ ಎರಡು ಬಗೆ ಉಂಟು. ಒಂದು, ಜೋಡಿ ಎತ್ತು ಕಟ್ಟಿದ ಹಾಗೆ. ಎರಡು ಸಿಲಿಂಡರಿನ ಹೊಗೆ ಒಂದಕ್ಕೆ, ಇನ್ನೆರಡರದ್ದು ಮತ್ತೊಂದಕ್ಕೆ. ಇನ್ನೊಂದು, ಅಣ್ಣ ತಮ್ಮ ಇದ್ದ ಹಾಗೆ. ನಿಧಾನದಲ್ಲಿ ಸಣ್ಣದು ಕೆಲಸ ಮಾಡುತ್ತದೆ, ವೇಗ ಏರಿದಾಗ ದೊಡ್ಡದು ಹೆಗಲು ಕೊಡುತ್ತದೆ. ಮರ್ಸಿಡಿಸಿನದ್ದು ಈ ಎರಡನೆಯ ಬಗೆ. ಯಾವಾಗ ಯಾವ ಬಾಗಿಲು ತೆರೆಯಬೇಕು, ಮುಚ್ಚಬೇಕು ಅಂತ ನೋಡಲಿಕ್ಕೆ ಅದರಲ್ಲಿ ಕಂಪ್ಯೂಟರ್ ಇದೆ. ಹುಡುಗ ತಂದದ್ದು ಒಂದೇ ಅಳತೆಯ ಎರಡು. ಹಾಗಾಗಿ ಜೋಡಿ ಎತ್ತೇ ಗತಿ.

ಟರ್ಬೊ ಮುಟ್ಟುವ ಮೊದಲು ಗುಡ್ಡದ ಲೆಕ್ಕ ಮಾಡುವ ಅಂದೆ. ನೆಲದಲ್ಲಿ ಸೀಮೆಸುಣ್ಣದಲ್ಲಿ ಬರೆದೆವು. ಜೀಪು, ಜನ, ಎರಡು ಮೂಟೆ ಎಲ್ಲ ಸೇರಿ 2000 ಕಿಲೊ ಅಂತ ಇಟ್ಟುಕೊಳ್ಳಿ. ಎರಡನೇ ಏರು ಐದು ಮೀಟರ್ ಹೋದರೆ ಒಂದು ಮೀಟರ್ ಏರುತ್ತದೆ. ಗಂಟೆಗೆ 18 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 5 ಮೀಟರ್. ಅಂದರೆ ಪ್ರತಿ ಸೆಕೆಂಡಿಗೆ 2000 ಕಿಲೊವನ್ನು 1 ಮೀಟರ್ ಮೇಲೆ ಎತ್ತಿದ ಹಾಗೆ. ಒಂದು ಕುದುರೆ ಶಕ್ತಿ ಅಂದರೆ ಸೆಕೆಂಡಿಗೆ 75 ಕಿಲೊವನ್ನು 1 ಮೀಟರ್ ಎತ್ತುವುದು. ಭಾಗಿಸಿದರೆ ಸುಮಾರು 27 ಕುದುರೆ. ಟಯರಿನ ಉಜ್ಜಾಟ, ಗೇರಿನೊಳಗೆ ಸೋರಿ ಹೋಗುವುದು ಎಲ್ಲ ಸೇರಿಸಿದರೆ 33 ಬೇಕು.

ಇನ್ನು ಎಂಜಿನು ಎಷ್ಟು ಕೊಡುತ್ತದೆ? 62 ಕುದುರೆ ಬರುವುದು 4500 ಸುತ್ತಿನಲ್ಲಿ. ಗುಡ್ಡದಲ್ಲಿ ಯಾರೂ ಅಷ್ಟು ತಿರುಗಿಸುವುದಿಲ್ಲ. 2000 ಸುತ್ತಿನಲ್ಲಿ, ಎಂಜಿನು ಹೊಸತಾಗಿದ್ದಾಗ, 34 ಕುದುರೆ. ಈ ಜೀಪಿನ ಫಸ್ಟ್ ಗೇರಿನಲ್ಲಿ 2000 ಸುತ್ತಿಗೆ ಸರಿಯಾಗಿ 18 ಕಿಲೋಮೀಟರ್ ವೇಗವೇ ಬರುವುದು. ಬೇಕಾದದ್ದು 33, ಇರುವುದು 34. ಅಂಗಡಿಯವನ ತಕ್ಕಡಿ ಕೂಡ ಅಷ್ಟು ಸರಿ ತೂಗುವುದಿಲ್ಲ.

ಹುಡುಗ ನೆಲ ನೋಡುತ್ತಾ ಕೂತ. "ಹಾಗಾದ್ರೆ ಅಪ್ಪ ಓಡಿಸುವಾಗ ಹೇಗೆ ಹತ್ತುತ್ತಿತ್ತು?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಲು ಜೀಪಿನ ಅಡಿಗೆ ಹೋಗಬೇಕಾಯಿತು.

ಅಡಿಯಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಇರಲಿಲ್ಲ. ಟ್ರಿಪ್ ಓಡಿಸುತ್ತಿದ್ದ ಕಾಲದಲ್ಲಿ ಡೀಸೆಲ್ ಉಳಿಸಲಿಕ್ಕೆ ಅದನ್ನು ಬಿಚ್ಚಿಡುವುದು ಎಲ್ಲ ಕಡೆ ರೂಢಿ. ಕೇಳಿದರೆ ಮನೆಯ ಅಟ್ಟದಲ್ಲಿ ಅಡಿಕೆ ಗೋಣಿಯ ಹಿಂದೆ ಉಂಟು ಅಂದರು. ಫೋರ್‌ವೀಲಿನದ್ದೂ ಲೋ ಗೇರಿನದ್ದೂ ಎರಡು ಸಣ್ಣ ಲಿವರುಗಳು ತುಕ್ಕು ಹಿಡಿದು ಅಲುಗಾಡುತ್ತಿರಲಿಲ್ಲ. ಅದಕ್ಕೆ ಸರಿಯಾಗಿ ಹುಡುಗ ಊರಿಗೆ ಬಂದ ಹೊಸತರಲ್ಲಿ ಚಂದಕ್ಕೆಂದು 31 ಇಂಚಿನ ದೊಡ್ಡ ಟಯರು ಹಾಕಿಸಿದ್ದ. ಮೊದಲು ಇದ್ದದ್ದು ಇಪ್ಪತ್ತೆಂಟೂವರೆ ಇಂಚಿನದ್ದು. ಚಕ್ರ ದೊಡ್ಡದಾದರೆ ಗೇರು ಏರಿಸಿದ ಹಾಗೆ, ಎಳೆತದಲ್ಲಿ ನೂರಕ್ಕೆ ಎಂಟು ಪಾಲು ಅಲ್ಲೇ ಹೋಯಿತು. ಕಂಪ್ರೆಷನ್ ನೋಡಿದರೆ ಮೂರನೇ ಸಿಲಿಂಡರ್ ಬಡವಾಗಿತ್ತು. ರೇಡಿಯೇಟರಿನ ಅರ್ಧ ಕೊಳವೆಗಳಲ್ಲಿ ಕೆಂಪು ಕೆಸರು. ಇಷ್ಟೆಲ್ಲ ಇರುವಾಗ ಎರಡು ಟರ್ಬೊ ಹಾಕಿದರೆ, ಗಂಜಿ ಕುಡಿಯಲಾರದವನಿಗೆ ಹೋಳಿಗೆ ಊಟ ಬಡಿಸಿದ ಹಾಗೆ.

ಜೀಪನ್ನು ವರ್ಕ್‌ಶಾಪಿಗೆ ತಂದರೆ ಅಪ್ಪನನ್ನು ಇಳಿಸಲಿಕ್ಕೆ ಗಾಡಿ ಇಲ್ಲ. ಆದ್ದರಿಂದ ನಾನೇ ಸಾಮಾನು ಕಟ್ಟಿಕೊಂಡು ಮೇಲೆ ಹೋದೆ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ಅಡಿಕೆ ಒಣಗಿಸುವ ಅಂಗಳದ ಬದಿಯ ಚಪ್ಪರದಲ್ಲಿ ಕೆಲಸ. ಸಂಜೆ ಐದಕ್ಕೆ ಜೀಪು ಓಡುವ ಸ್ಥಿತಿಯಲ್ಲಿರಬೇಕು ಅನ್ನುವುದು ಒಪ್ಪಂದ. ಹೆಡ್ಡು ಇಳಿಸಿದ ಎರಡು ದಿನ ಮಾತ್ರ ಬೇರೊಬ್ಬರ ಜೀಪು ಕೇಳಿ ಇಟ್ಟುಕೊಂಡೆವು. ವಾಲ್ವು ಉಜ್ಜಿ ಕೂರಿಸಿದೆವು, ರಿಂಗು ಬದಲಿಸಿದೆವು, ಇಂಜೆಕ್ಟರ್ ಕ್ಯಾಲಿಬ್ರೇಷನ್ನಿಗೆ ಪೇಟೆಗೆ ಕಳಿಸಿದೆವು. ಅಟ್ಟದ ಶಾಫ್ಟು ಇಳಿದು ಬಂತು. ಲಿವರುಗಳಿಗೆ ಮೂರು ದಿನ ಎಣ್ಣೆ ಕುಡಿಸಿ, ಬಿಸಿ ಕೊಟ್ಟು, ಬಡಿದು ಬಿಡಿಸಿದೆವು. ಹಳೆಯ ಅಳತೆಯ ಟಯರು ಹಾಕಿದೆವು.

ಲೋ ಗೇರು ಅಂದರೆ ಇದ್ದ ಗೇರನ್ನು ಇನ್ನೂ 2.46 ಪಟ್ಟು ತಗ್ಗಿಸುವುದು. ಲೋ ಸೆಕೆಂಡಿನಲ್ಲಿ 2000 ಸುತ್ತಿಗೆ ಜೀಪು ಗಂಟೆಗೆ 13 ಕಿಲೋಮೀಟರ್ ಹೋಗುತ್ತದೆ. ಆ ವೇಗಕ್ಕೆ ಬೇಕಾದದ್ದು ಇಪ್ಪತ್ತನಾಲ್ಕು ಕುದುರೆ, ಇರುವುದು 34. ಹತ್ತು ಕುದುರೆ ಕೈಯಲ್ಲಿ ಉಳಿಯಿತು. ನಾಲ್ಕೂ ಚಕ್ರ ಎಳೆಯುವುದರಿಂದ ಮುರಕಲ್ಲಿನ ಮೇಲೆ ಜಾರುವುದೂ ಇಲ್ಲ. ಮೊದಲ ಸಲ ಹಾಗೆ ಹತ್ತಿಸಿದಾಗ ಎರಡನೇ ಏರಿನಲ್ಲಿ ನಿಲ್ಲಲಿಲ್ಲ. ನೀರಿನ ಮುಳ್ಳೂ ಕೆಂಪಿಗೆ ಹೋಗಲಿಲ್ಲ. ಟರ್ಬೊಗಳು ಇನ್ನೂ ಚಪ್ಪರದ ಮೂಲೆಯಲ್ಲಿ ಗೋಣಿಯೊಳಗೇ ಇದ್ದವು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹುಡುಗನ ಮುಖ ನೋಡಿದೆ. ಅವನಿಗೆ ಬೇಕಾದದ್ದು ಹತ್ತುವ ಜೀಪು ಮಾತ್ರ ಆಗಿರಲಿಲ್ಲ. ಗಲ್ಫಿನಲ್ಲಿ ಕಲಿತದ್ದನ್ನು ಊರಿನಲ್ಲಿ, ಅಪ್ಪನ ಕಣ್ಣೆದುರು, ಅಪ್ಪನ ಜೀಪಿನ ಮೇಲೆ ಮಾಡಿ ತೋರಿಸಬೇಕಿತ್ತು. ಇದಕ್ಕೆ ಸಮಯ ಎಷ್ಟು ಉಳಿದಿದೆ ಅನ್ನುವುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು. "ಹಾಕುವ, ಆದರೆ ಮೊದಲು ಕಾನೂನು ಕೇಳು" ಅಂದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ರೂಪವನ್ನು ಮನಸ್ಸು ಬಂದ ಹಾಗೆ ಬದಲಿಸುವಂತಿಲ್ಲ. ನಮ್ಮ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಂಡಿತವಾಗಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಇಂಥ ಬದಲಾವಣೆ ಮಾಡಿದ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಬಂತು. ಅಪಘಾತವಾದರೆ ವಿಮೆಯವರು ಕೈ ಝಾಡಿಸುವುದು ಬೇರೆ. ಹಾಗಾಗಿ ಟರ್ಬೊ ಹಾಕಿದ ಮೇಲೆ ಜೀಪು ಅವರ ಸ್ವಂತ ತೋಟದ ದಾರಿ ಬಿಟ್ಟು ಕೆಳಗಿನ ರಸ್ತೆಗೆ ಇಳಿಯಬಾರದು. ಬುಡದಲ್ಲಿ ಒಂದು ಶೆಡ್ಡು ಹಾಕಿ ಅಲ್ಲಿ ಕಾರು ಇಡಬೇಕು. ಗುಡ್ಡಕ್ಕೆ ಜೀಪು, ರಸ್ತೆಗೆ ಕಾರು. ಅವ ಒಪ್ಪಿದ. ಅಪ್ಪ ಜಗಲಿಯಲ್ಲಿ ಕೂತಲ್ಲಿಂದಲೇ "ಹಾಗೆಯೇ ಆಗ್ಬೇಕು" ಅಂದರು.

ಟರ್ಬೊಗಳು ಫಿಯಟ್ ವಿನ್ಯಾಸದ 1248 ಸಿಸಿ ಡೀಸೆಲ್ ಎಂಜಿನಿನವು. ನಮ್ಮಲ್ಲಿ ಸ್ವಿಫ್ಟ್ ಮೊದಲಾದ ಕಾರುಗಳಲ್ಲಿ ಬಂದದ್ದು ಅದೇ. ಎರಡನ್ನೂ ಹಾಕುವ ಮೊದಲು ಮತ್ತೊಂದು ಸಣ್ಣ ಲೆಕ್ಕ ಬರೆದು ಅವನ ಕೈಗೆ ಕೊಟ್ಟೆ. ನಾಲ್ಕು ಸ್ಟ್ರೋಕಿನ ಎಂಜಿನು ಎರಡು ಸುತ್ತಿಗೆ ಒಂದು ಸಲ ಹೊಟ್ಟೆ ತುಂಬ ಉಸಿರೆಳೆಯುತ್ತದೆ. ನಮ್ಮದು 2000 ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 2100 ಲೀಟರ್ ಗಾಳಿ ಎಳೆಯುತ್ತದೆ. ಎರಡು ಟರ್ಬೊ ಇದ್ದರೆ ಒಂದೊಂದರ ಪಾಲಿಗೆ 1050 ಲೀಟರು. ಆ ಸಣ್ಣ ಕಾರು ಅಷ್ಟು ಗಾಳಿ ಎಳೆಯುವುದು 1700 ಸುತ್ತಿನಲ್ಲಿ. ಆ ಕಾರು 2000 ಸುತ್ತು ದಾಟದೆ ಜೋರು ಎಳೆಯುವುದಿಲ್ಲ ಅನ್ನುವುದು ಅದನ್ನು ಓಡಿಸಿದವರಿಗೆಲ್ಲ ಗೊತ್ತು. ಅಂದರೆ ನಮ್ಮ ಗುಡ್ಡದಲ್ಲಿ ಎರಡೂ ಟರ್ಬೊಗಳು ಅರೆನಿದ್ದೆಯಲ್ಲೇ ಇರುತ್ತವೆ. ಒಂದೇ ಹಾಕಿದರೆ ಪೂರ್ತಿ 2100 ಲೀಟರೂ ಅದಕ್ಕೇ. ಕಾರಿನ ಲೆಕ್ಕದಲ್ಲಿ ಅದು 3300 ಸುತ್ತು ದಾಟಿದ ಹಾಗೆ, ಟರ್ಬೊ ಪೂರ್ತಿ ಎಚ್ಚರ.

"ಲೆಕ್ಕ ಸರಿ ಮಾಮ, ಆದ್ರೂ ಕಣ್ಣಲ್ಲಿ ನೋಡ್ಬೇಕು" ಅಂದ. ನನಗೆ ಆ ಮಾತು ಇಷ್ಟವಾಯಿತು. ಕಾಗದದ ಮೇಲಿನದ್ದನ್ನು ಕೈಯಲ್ಲಿ ಮುಟ್ಟಿ ನೋಡದೆ ನಂಬದವನೇ ಮೆಕ್ಯಾನಿಕ್ ಆಗುವುದು.

ಹೊಗೆಯ ಮ್ಯಾನಿಫೋಲ್ಡನ್ನು ಅವನೇ ಉಕ್ಕಿನ ಬೆಂಡುಗಳಲ್ಲಿ ವೆಲ್ಡ್ ಮಾಡಿದ. ಒಂದನೇ ನಾಲ್ಕನೇ ಸಿಲಿಂಡರ್ ಒಂದಕ್ಕೆ, ಎರಡನೇ ಮೂರನೇದ್ದು ಇನ್ನೊಂದಕ್ಕೆ. ಎಂಜಿನು ಉರಿಯುವ ಸರದಿ 1, 3, 4, 2. ಹಾಗೆ ಜೋಡಿ ಮಾಡಿದರೆ ಒಂದೊಂದು ಟರ್ಬೊಗೂ ಹೊಗೆಯ ಹೊಡೆತ ಸಮ ಅಂತರದಲ್ಲಿ ಬೀಳುತ್ತದೆ. ಒಂದನೇ ಎರಡನೇದನ್ನು ಸೇರಿಸಿದರೆ ಎರಡು ಹೊಡೆತ ಒಟ್ಟಿಗೆ, ಆಮೇಲೆ ಉದ್ದದ ಖಾಲಿ. ವೆಲ್ಡಿಂಗ್ ನೋಡಿದೆ, ನನ್ನದಕ್ಕಿಂತ ಚಂದ ಇತ್ತು. ಎಣ್ಣೆ ಹೋಗುವ ಪೈಪು ಸಪೂರ, ವಾಪಸ್ಸು ಬರುವ ಪೈಪು ತೋರ. ಅದು ಎಲ್ಲೂ ಬಳುಕದೆ ಇಳಿಜಾರಾಗಿ ಸಂಪಿಗೆ, ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಎಣ್ಣೆ ಕಟ್ಟಿ ನಿಂತು ಸೀಲು ದಾಟಿ ನೀಲಿ ಹೊಗೆ ಬರುತ್ತದೆ.

ಎರಡು ವಸ್ತು ಅವನ ಹಟದಿಂದ ಬಂದವು. ಒಂದು, ಟರ್ಬೊ ಮುಂದೆ ಹೊಗೆಯ ಬಿಸಿ ತೋರಿಸುವ ಮೀಟರು. ಇನ್ನೊಂದು, ಗಾಳಿ ತಣಿಸುವ ಇಂಟರ್‌ಕೂಲರು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ, ಸೈಕಲ್ ಪಂಪು ಹೊಡೆದವರಿಗೆ ಗೊತ್ತು. 32 ಡಿಗ್ರಿಯ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ ಸುಮಾರು 90 ಡಿಗ್ರಿ ಆಗುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ, ಒತ್ತಡ ಒಂದೂವರೆ ಪಟ್ಟಾದರೂ ಗಾಳಿ ಹೆಚ್ಚಾಗುವುದು ಕಾಲು ಪಾಲು ಮಾತ್ರ. ಅದನ್ನು 50 ಡಿಗ್ರಿಗೆ ತಣಿಸಿದರೆ ನೂರಕ್ಕೆ ನಲವತ್ತು ಹೆಚ್ಚು. ಎಂಜಿನಿನ ಹೊಟ್ಟೆಗೂ ತಂಪು.

ಎರಡು ಟರ್ಬೊ ಹಾಕಿ ಹತ್ತಿಸಿದೆವು. ಎರಡನೇ ಏರಿನಲ್ಲಿ, 2000 ಸುತ್ತಿನಲ್ಲಿ, ಒತ್ತಡದ ಮುಳ್ಳು ಸೊನ್ನೆಯ ಹತ್ತಿರವೇ ನಡುಗುತ್ತಿತ್ತು. 3000 ದಾಟಿಸಿದಾಗ ಒಮ್ಮೆಲೇ ಎದ್ದಿತು, ಆದರೆ ಅಷ್ಟರಲ್ಲಿ ತಿರುವು ಬಂತು, ಕಾಲು ತೆಗೆಯಬೇಕಾಯಿತು, ಮುಳ್ಳು ಮತ್ತೆ ಮಲಗಿತು. ನಾಲ್ಕು ಸಲ ಹತ್ತಿ ಇಳಿದೆವು, ನಾಲ್ಕು ಸಲವೂ ಹಾಗೆಯೇ. ಐದನೇ ಸಲಕ್ಕೆ ಅವನೇ ಸ್ಪ್ಯಾನರ್ ಎತ್ತಿಕೊಂಡು ಒಂದನ್ನು ಬಿಚ್ಚಿದ.

ನಾಲ್ಕು ಸಿಲಿಂಡರಿನ ಹೊಗೆಯನ್ನೂ ಒಂದಕ್ಕೇ ತಿರುಗಿಸಿ ಕೂರಿಸಿದ ಮೇಲೆ 1500 ಸುತ್ತಿನಲ್ಲೇ ಮುಳ್ಳು ಏಳತೊಡಗಿತು. ಅರ್ಧ ಬಾರಿಗೆ ಬಂದಾಗ ಹೆಚ್ಚಿನ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು ತೆರೆಯುವಂತೆ ಹೊಂದಿಸಿದೆವು. ಡೀಸೆಲ್ ಪಂಪಿನ ಸ್ಕ್ರೂವನ್ನು ಕಾಲು ಸುತ್ತಿನ ಕಾಲು ಸುತ್ತಾಗಿ ತಿರುಗಿಸಿ, ಪ್ರತಿ ಸಲ ಗುಡ್ಡ ಹತ್ತಿಸಿ, ಹೊಗೆಯ ಬಣ್ಣ ಮತ್ತು ಬಿಸಿಯ ಮೀಟರು ನೋಡಿದೆವು. 650 ಡಿಗ್ರಿ ದಾಟಬಾರದು ಅಂತ ಗೆರೆ ಹಾಕಿಕೊಂಡೆವು. ಟರ್ಬೊ ಹಾಕಿ ಪಂಪು ಮುಟ್ಟದಿದ್ದರೆ ಹೊಗೆ ಬೆಳ್ಳಗಾಗುತ್ತದೆಯೇ ಹೊರತು ಶಕ್ತಿ ಹೆಚ್ಚು ಬರುವುದಿಲ್ಲ. ಪಂಪು ಹೆಚ್ಚು ಮುಟ್ಟಿದರೆ ಪಿಸ್ಟನ್ ಉಳಿಯುವುದಿಲ್ಲ. ಅಳೆಯಲಿಕ್ಕೆ ಬೇರೆ ಯಂತ್ರ ಬೇಕಾಗಲಿಲ್ಲ, ಗುಡ್ಡವೇ ಅಳತೆಗೋಲು. ಲೋ ಗೇರು ಹಾಕದೆ ಬರೇ ಫಸ್ಟಿನಲ್ಲಿ, ನಾಲ್ಕು ಜನ ಕೂತು, ಎರಡನೇ ಏರನ್ನು ಜೀಪು ಬೇಸರವಿಲ್ಲದೆ ಹತ್ತಿತು.

ಒಂದು ಮಿತಿ ಇದೆ. ಆ ಸಣ್ಣ ಟರ್ಬೊಗೆ 2500 ಸುತ್ತಿನಿಂದ ಮೇಲೆ ನಮ್ಮ ಎಂಜಿನಿನ ಹೊಗೆ ಹೆಚ್ಚಾಗುತ್ತದೆ, ಅದರ ಸರಳು ಹದ್ದು ಮೀರಿ ತಿರುಗುತ್ತದೆ. ಹೈವೇಯಲ್ಲಿ ಓಡುವ ಗಾಡಿಗೆ ಎರಡನೆಯ ಟರ್ಬೊ ಬೇಕಾಗುವುದು ಅಲ್ಲಿ. ನಮ್ಮ ದಾರಿಯಲ್ಲಿ ಆ ವೇಗಕ್ಕೆ ಜಾಗವೇ ಇಲ್ಲ. ಡ್ಯಾಶಿನ ಮೇಲೆ 2500ರ ಎದುರು ಕೆಂಪು ಬಣ್ಣದ ಗೆರೆ ಎಳೆದಿದ್ದೇವೆ.

ಅಪ್ಪನನ್ನು ಕೂರಿಸಿ ಮೊದಲ ಸಲ ಹತ್ತಿಸಿದ ದಿನ ನಾನು ಹಿಂದಿನ ಸೀಟಿನಲ್ಲಿದ್ದೆ. ಆಸ್ಪತ್ರೆಯಿಂದ ಬಂದು ಬಾಡಿದ್ದರು. ಮೊದಲನೆಯ ಏರು ಕಳೆದ ಮೇಲೆ ಕಣ್ಣು ಬಿಟ್ಟು, ಕಿವಿಗೊಟ್ಟು, "ಶಬ್ದ ಸಣ್ಣ ಆಯ್ತಲ್ಲಾ" ಅಂದರು. ನಿಜ. ಹೊಗೆ ಗಾಳಿಚಕ್ರದ ಮೂಲಕ ಹೋಗುವಾಗ ಅದರ ಅಬ್ಬರ ಅಲ್ಲೇ ಕರಗುತ್ತದೆ. ಅವರ ಹೆಂಡತಿಗೆ ಮಾತ್ರ ಇದು ತೊಂದರೆಯಾಯಿತು. ಮೂವತ್ತು ವರ್ಷ ಅವರು ಬುಡದಲ್ಲಿ ಜೀಪಿನ ಶಬ್ದ ಕೇಳಿ ಒಲೆಗೆ ಚಾದ ನೀರು ಇಡುತ್ತಿದ್ದವರು. ಈಗ ಕೇಳುವುದೇ ಇಲ್ಲ, ಬಂದ ಮೇಲೆಯೇ ಗೊತ್ತಾಗುವುದು ಅಂತ ದೂರು. ಈಗ ಮಗ ಮೊದಲನೇ ತಿರುವಿನಲ್ಲಿ ಒಂದು ಹಾರ್ನ್ ಹೊಡೆಯುತ್ತಾನೆ.

ಟರ್ಬೊ ಹಾಕುವ ಆಸೆ ಇರುವ ಹುಡುಗರು ನಮ್ಮ ಕಡೆ ಇನ್ನೂ ಇದ್ದಾರೆ, ಅವರಿಗೆ ಎರಡು ಮಾತು. ಹತ್ತುವ ಶಕ್ತಿ ಹೆಚ್ಚಿಸಿದರೆ ಇಳಿಯುವ ಶಕ್ತಿ ಹೆಚ್ಚುವುದಿಲ್ಲ, ಮೊದಲು ಬ್ರೇಕಿನ ಡ್ರಮ್ಮು, ಶೂ ನೋಡಿ. ಹತ್ತಿದ ಗೇರಿನಲ್ಲೇ ಇಳಿಯಿರಿ. ಗುಡ್ಡ ಹತ್ತಿ ಬಂದ ಕೂಡಲೇ ಎಂಜಿನು ಆರಿಸಬೇಡಿ. ಆರಿಸಿದರೆ ಎಣ್ಣೆ ನಿಲ್ಲುತ್ತದೆ, ಆದರೆ ಕಾದ ಚಕ್ರ ಇನ್ನೂ ತಿರುಗುತ್ತಿರುತ್ತದೆ, ಇದ್ದ ಎಣ್ಣೆ ಅಲ್ಲೇ ಸುಟ್ಟು ಕರಿಯಾಗುತ್ತದೆ. ಒಂದೆರಡು ನಿಮಿಷ ಹಾಗೇ ಬಿಡಿ.

ಬಿಚ್ಚಿಟ್ಟ ಎರಡನೆಯ ಟರ್ಬೊ ಈಗ ನಮ್ಮ ಶಾಲೆಯಲ್ಲಿದೆ. ಹುಡುಗ ಅದನ್ನು ನಡುವೆ ಕೊಯ್ದು, ಒಳಗಿನ ಎರಡೂ ಚಕ್ರ ಕಾಣುವ ಹಾಗೆ ಮಾಡಿ, ಮರದ ಹಲಗೆಗೆ ಕೂರಿಸಿ ವಿಜ್ಞಾನದ ಟೀಚರಿಗೆ ಕೊಟ್ಟಿದ್ದಾನೆ. ಮಕ್ಕಳು ಒಂದು ಬದಿಯಿಂದ ಬಾಯಲ್ಲಿ ಊದಿದರೆ ಇನ್ನೊಂದು ಬದಿಯ ಚಕ್ರ ತಿರುಗುತ್ತದೆ.